ಲಾಂಚಿಗೆ ಕಾಯುವ ಹೊತ್ತು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಬಸ್ಸುಗಳ ವೇಳೆ ತೋರಿಸುವ ಮೊಬೈಲ್ ಆ್ಯಪ್ ನಮ್ಮದು. ಸಾಗರದ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ ಆಫೀಸು. ಕೋಡ್ ಬರೆಯುವವಳು ನಾನು. ಊರೂರು ತಿರುಗಿ ಬಸ್ಸಿನ ವೇಳೆ ತರುವವರು ತೀರ್ಥಹಳ್ಳಿಯ ಹಿರಿಯರೊಬ್ಬರು. ಸಾಗರದಿಂದ ಬ್ಯಾಕೋಡಿಗೆ ಹೋಗುವ ದಾರಿಯಲ್ಲಿ, ಜನರನ್ನೂ ಕಾರುಗಳನ್ನೂ ಲಾಂಚು ದಾಟಿಸುತ್ತಿದ್ದ ಹೊಳೆಗೆ ಸೇತುವೆ ಆದಮೇಲೆ ಒಂದು ದಿನ ಅವರೇ ಕೇಳಿದರು, “ಇನ್ನೂ ಆ ಲಾಂಚ್ ಎಂತಕ್ಕೆ ತೋರಿಸ್ತೀರಿ ಮಾರಾಯ್ರೆ? ಬಸ್ ಸೀದಾ ಬ್ಯಾಕೋಡಿಗೆ ಹೋಗ್ತದೆ. ತೆಗ್ದ್ ಬಿಡಿ.”

ತೆಗೆದೆ. ಬಸ್ಸು, ನಿಲ್ದಾಣ, ಲಾಂಚು ಇವುಗಳಿಗೆ ಏನೇನು ವಿವರ ಇರಬೇಕೆಂದು ಡೇಟಾ ಮಾಡೆಲ್‌ನಲ್ಲಿ ಬರೆದಿಟ್ಟರೆ, ಅದಕ್ಕೆ ಬೇಕಾದ ಕೋಡನ್ನು ಕಂಪ್ಯೂಟರೇ ಬರೆದುಕೊಳ್ಳುತ್ತದೆ. ಲಾಂಚನ್ನು ಅಳಿಸಿದೆ, ಅದು ಲಾಂಚಿಲ್ಲದ ಹೊಸ ಕೋಡ್ ಬರೆದುಕೊಂಡಿತು. ಎಲ್ಲ ಜೋಡಿಸಿ ಆ್ಯಪ್ ಕಟ್ಟು ಎಂದು ಬಿಲ್ಡ್ ಕೊಟ್ಟರೆ ಪರದೆ ತುಂಬ ಕೆಂಪು ಎರರ್‌ಗಳು. ನಾನು ಕೈಯಾರೆ ಬರೆದ ಕೋಡಿನ ಎಲ್ಲ ಮೂಲೆಯಿಂದಲೂ ಒಂದೇ ತಕರಾರು: ‘ಕಾಯುವ ಸಮಯ’ ಸಿಗುತ್ತಿಲ್ಲ. ಆಗ ನೆನಪಾಯಿತು. ಕಾಯುವ ಸಮಯವನ್ನು ನಾನು ಬಸ್ಸಿನ ವಿವರದಲ್ಲಿ ಇಟ್ಟಿರಲೇ ಇಲ್ಲ, ಲಾಂಚಿನದರಲ್ಲಿ ಇಟ್ಟಿದ್ದೆ. ತಲೆ ನೆಟ್ಟಗಿರುವ ಯಾರೂ ಹಾಗೆ ಮಾಡುವುದಿಲ್ಲ. ಆದರೆ ನನ್ನ ಮಟ್ಟಿಗೆ ಕಾಯುವುದು ಎಂದರೆ ಲಾಂಚಿಗೆ ಕಾಯುವುದೇ ಆಗಿತ್ತು.

ಅಕ್ಕನನ್ನು ಕೊಟ್ಟದ್ದು ಹೊಳೆಯಾಚೆ, ಬ್ಯಾಕೋಡಿನ ದಾರಿಯಲ್ಲಿ, ದಡಕ್ಕೆ ಹತ್ತಿರದ ತುಂಬಿದ ಮನೆಗೆ. ಅಲ್ಲಿ ಅವಳು ನನಗೆ ಬಡಿಸುತ್ತಿದ್ದಳೇ ಹೊರತು ಮಾತಾಡುತ್ತಿರಲಿಲ್ಲ. ಹೊರಡುವಾಗ ಮಾತ್ರ “ಲಾಂಚಿನವರೆಗೆ ಬಿಟ್ಟು ಬರ್ತೀನಿ ಅತ್ತೆ” ಎಂದು ಚಪ್ಪಲಿ ಮೆಟ್ಟುತ್ತಿದ್ದಳು. ಸಿಗಂದೂರಿನಲ್ಲಿ ದೇವಿಯ ದರ್ಶನ ಮುಗಿಸಿ ಮರಳುವವರ ಕಾರುಗಳೇ ಲಾಂಚು ತುಂಬಿಕೊಂಡರೆ ನಮಗೆ ಹಬ್ಬ; ಮುಂದಿನದು ಬರುವವರೆಗೆ ದಡದ ಕಲ್ಲಿನ ಮೇಲೆ ಕೂರುತ್ತಿದ್ದೆವು. ಅತ್ತೆಯ ಗೊರಕೆಯನ್ನು ಅಣಕಿಸಿ ನಗಿಸುತ್ತಿದ್ದಳು. ಒಮ್ಮೆ ನೀರು ನೋಡುತ್ತಾ, “ಮಕ್ಕಳಾಗ್ಲಿಲ್ಲ ಅಂತ ಯಾರೂ ಎದುರಿಗೆ ಒಂದ್ ಮಾತು ಅನ್ನಲ್ಲ ಕಣೇ. ಅಂದಿದ್ರೆ ಅತ್ತು ಮುಗಿಸ್ತಿದ್ದೆ,” ಎಂದಳು. ಅಷ್ಟರಲ್ಲಿ ಲಾಂಚು ಬಂತು. ನಾನು ಹತ್ತಲಿಲ್ಲ.

ಸೇತುವೆ ಬೇಡವಾಗಿತ್ತು ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಆಸ್ಪತ್ರೆಗೆ ಹೊರಟವರು ದಡದಲ್ಲಿ ಪಟ್ಟ ಪಾಡು ಕಣ್ಣಾರೆ ಕಂಡವಳು ನಾನು. ಈಗ ಬಸ್ಸು ಅಕ್ಕನ ಮನೆಯೆದುರೇ ನಿಲ್ಲುತ್ತದೆ. ಬೇಲಿಯ ಬಳಿ ಅಕ್ಕ, ಪಕ್ಕದಲ್ಲಿ ಅತ್ತೆ, ಹಿಂದೆ ಭಾವ, ಓರಗಿತ್ತಿಯರು, ಎಲ್ಲರೂ ಪ್ರೀತಿಯಿಂದ “ಹತ್ತು ಹತ್ತು” ಎನ್ನುತ್ತಾರೆ. ಅಕ್ಕನೂ ಅನ್ನುತ್ತಾಳೆ. ಫೋನ್ ಇದೆಯಲ್ಲ ಎನ್ನಬೇಡಿ. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಒಂದೇ ಮೂಲೆಯಲ್ಲಿ. ಅತ್ತೆ ಎಲೆಯಡಿಕೆಯ ಕವಳ ಹಾಕಿಕೊಂಡು ಕೂರುವುದೂ ಅಲ್ಲೇ.

ಒಂದೊಂದೇ ಎರರ್ ತೆಗೆಯುತ್ತಾ ಬಂದೆ. ‘ರಶ್ ಇದ್ದರೆ ಮುಂದಿನ ಲಾಂಚಿಗೆ ಕಾಯಬೇಕಾದೀತು’ ಎಂಬ ಸೂಚನೆ ಅಳಿಸುವಾಗ ಮಾತ್ರ ಕೈ ತಡೆಯಿತು. ಅಕ್ಕ ಬೇಕೆನಿಸಿತು, ಆ ಕಲ್ಲಿನ ಮೇಲೆ ಕೂತ ಅಕ್ಕ. ಅಳಿಸಿದೆ. ಬಿಲ್ಡ್ ಆಯಿತು. ಪರದೆಯಲ್ಲಿ ಬ್ಯಾಕೋಡಿನಿಂದ ಸಾಗರಕ್ಕೆ ಈಗ ಒಂದೇ ನೇರ ಗೆರೆ. ಹಿರಿಯರು ಬಗ್ಗಿ ನೋಡಿ, “ಭಾರಿ ಚೊಲೋ ಆತು,” ಎಂದು ಚಾ ತರಿಸಿದರು.

ಚಾ ಕುಡಿಯುತ್ತಾ ಅಕ್ಕನಿಗೆ ಫೋನ್ ಮಾಡಿ, ಆ್ಯಪಿನಿಂದ ಲಾಂಚು ತೆಗೆದೆ ಎಂದೆ.

“ತೆಗ್ದ್ಯಾ?” ಎಂದಳು. ಅತ್ತೆ ಕೆಮ್ಮಿದ್ದು ಕೇಳಿಸಿತು. “ಒಳ್ಳೇದಾತು ಬಿಡು. ಇಲ್ಲಿ ಎಲ್ಲಾ ಆರಾಮು.” ಆಮೇಲೆ ದನಿ ತಗ್ಗಿಸಿ, “ಮುಂದಿನ್ ಸಲ ಬಂದಾಗ ಬಸ್ ತಪ್ಪಿಸ್ಕೊಳ್ಳೇ,” ಎಂದಳು.

ಫೋನ್ ಇಟ್ಟು, ಅಲ್ಲಿ ಒಂದು ಬಸ್ಸು ತಪ್ಪಿದರೆ ಮುಂದಿನದಕ್ಕೆ ಎಷ್ಟು ಹೊತ್ತಿದೆ ಎಂದು ನಮ್ಮದೇ ಆ್ಯಪಿನಲ್ಲಿ ನೋಡಿದೆ. ದಡದ ಆ ಕಲ್ಲಿನವರೆಗೆ ಹೋಗಿ ಕೂತು ಬರಲು ಬೇಕಾದಷ್ಟಿತ್ತು.