ಹದಿನೇಳನೆಯ ಕುರಿಯ ರಕ್ತ

ದೇವರಿಗೆ ಕೈ ಮುಗಿಯುತ್ತಿದ್ದೆನೇ ಹೊರತು ಗಾಳಿ, ಶಕುನ ಎನ್ನುವವರನ್ನು ಕಂಡರೆ ನಗುತ್ತಿದ್ದೆ. ಎಸ್ಸೆಸ್ಸೆಲ್ಸಿ ಓದಿದವನೆಂಬ ಜಂಬ ಬೇರೆ. ಈಗ ನಗುವುದಿಲ್ಲ. ನಾನು ಮಾಡಿದ ತಪ್ಪನ್ನು ಹೇಳದೆ ಈ ಸಂಗತಿಯನ್ನು ಹೇಳಲಾಗದು, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ನಮ್ಮದು ಕೊಂಡ್ಲಹಳ್ಳಿ ಕಡೆಯ ಕುರಿಗಾರರ ಮನೆತನ. ಮಂದೆ ಕರಗಿದ ಮೇಲೆ ಚಳ್ಳಕೆರೆಯ ಹೊರಗಿನ ಒಂದು ಪ್ರಯೋಗಾಲಯದಲ್ಲಿ ಕುರಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಅಲ್ಲಿ ಇಪ್ಪತ್ತು ಕುರಿಗಳಿದ್ದವು. ಪ್ರತಿ ಸೋಮವಾರ ಅವುಗಳ ಕುತ್ತಿಗೆಯಿಂದ ರಕ್ತ ತೆಗೆದು, ಕಿವಿಯ ಬಿಲ್ಲೆಯ ನಂಬರು ಬರೆದ ಟ್ಯೂಬುಗಳಿಗೆ ತುಂಬಿ, ಅಲ್ಲಿ ಸಂಶೋಧನೆ ಮಾಡುತ್ತಿದ್ದ ಮೇಡಂಗೆ ಕೊಡಬೇಕು. ರಕ್ತದ ಪ್ರೋಟೀನುಗಳನ್ನು ಅವರು ಯಂತ್ರದಲ್ಲಿ ಬೇರ್ಪಡಿಸಿದರೆ ನೀಲಿ ಪಟ್ಟೆಗಳು ಮೂಡುತ್ತಿದ್ದವು. ಕುರಿ ಮೇವು ಬಿಡುವ ಮೊದಲೇ ರೋಗ ಆ ಪಟ್ಟೆಗಳಲ್ಲಿ ಕಾಣುತ್ತದೆ ಎನ್ನುತ್ತಿದ್ದರು.

ಆ ವರ್ಷ ನನ್ನ ಹೆಂಡತಿ ಹಾಸಿಗೆ ಹಿಡಿದಳು. ಮನೆಯಲ್ಲಿ ಒಂದು ಕುರಿಯೂ ಉಳಿದಿರಲಿಲ್ಲ. ಗಾಬರಿಯಲ್ಲಿ, ಇವಳು ಎದ್ದರೆ ಪ್ರಯೋಗಾಲಯದ ಹದಿನೇಳನೆಯ ಕುರಿ ನಿನ್ನದು ಎಂದು ಮನೆದೇವರಿಗೆ ಹರಕೆ ಹೊತ್ತೆ. ಅವಳು ಎದ್ದಳು. ವಿಷಯ ತಿಳಿದಾಗ ಹಣೆ ಚಚ್ಚಿಕೊಂಡಳು.

"ಯಾರ್ದೋ ಕುರೀನ ದೇವ್ರಿಗೆ ಬಿಟ್ಟು ಬಂದೀಯಲ್ಲ, ಆ ದೇವ್ರು ಕಿವಿ ನಂಬರ್ ನೋಡ್ಕಂತ ಹುಡುಕ್ಬೇಕೇನು?"

ನಮ್ಮ ಮನೆಯಲ್ಲಿ ದೇವರಿಗೆ ಬಿಟ್ಟ ಕುರಿಯ ರಕ್ತ ತೆಗೆಯುವಂತಿಲ್ಲ. ಹಾಗಾಗಿ ಹದಿನೇಳಕ್ಕೆ ಸೂಜಿ ಚುಚ್ಚುವುದನ್ನೇ ಬಿಟ್ಟೆ. ಹನ್ನೆರಡನೆಯ ಕುರಿಯಿಂದ ಹೆಚ್ಚು ರಕ್ತ ತೆಗೆದು ಎರಡೂ ಟ್ಯೂಬಿಗೆ ಹಾಕುತ್ತಿದ್ದೆ. ಎರಡು ತಿಂಗಳು ಯಾರಿಗೂ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಮೇಡಂ ಕರೆದರು. "ಯಜಮಾನ್ರೇ, ಹದಿನೇಳು ಮೇವು ತಿಂತಾ ಇದೆಯಾ?"

"ತಿಂತೈತೆ ಮೇಡಂ. ಯಾಕ್ರಿ?"

"ಪಟ್ಟೆ ಕೆಟ್ಟಿದೆ. ಒಳಗೆಲ್ಲೋ ಕೀವು ಕಟ್ಟಿರಬೇಕು. ಹನ್ನೆರಡು ಚೆನ್ನಾಗಿದೆ ನೋಡಿ."

ನೋಡಿದೆ. ಹದಿನೇಳರ ಸಾಲಿನ ತುದಿಯಲ್ಲಿ ಪಟ್ಟೆ ಊದಿಕೊಂಡಿತ್ತು, ಹನ್ನೆರಡರ ಸಾಲಿನಲ್ಲಿ ತೆಳ್ಳಗಿತ್ತು. ಒಂದೇ ಕುರಿಯ ರಕ್ತ, ಒಂದೇ ಸೂಜಿ. ಪಟ್ಟೆ ಸ್ವಲ್ಪ ಕೆಟ್ಟಿದ್ದರೆ ಔಷಧಿ ಕೊಡುತ್ತಿದ್ದರು, ಅಷ್ಟು ಕೆಟ್ಟ ಕುರಿಯನ್ನು ಅಲ್ಲಿ ಉಳಿಸುತ್ತಿರಲಿಲ್ಲ. ನಿಜ ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಆದರೆ ಆ ಕುರಿಗೆ ಇನ್ನೊಂದು ಪರೀಕ್ಷೆಯಾದರೂ ಆಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಮರುದಿನ ಅದಕ್ಕೆ ಸಾಯುವ ಚುಚ್ಚುಮದ್ದು ಕೊಟ್ಟು ಕೊಯ್ದು ನೋಡಿದರು. ಹಿಡಿದುಕೊಂಡವನು ನಾನೇ. ಶ್ವಾಸಕೋಶದಲ್ಲಿ ನಿಂಬೆಹಣ್ಣಿನ ಗಾತ್ರದ ಕೀವುಗಡ್ಡೆಗಳಿದ್ದವು.

"ಇದು ಹಳೇದು. ಹೋದ ತಿಂಗಳೇ ಯಾಕೆ ಕಾಣಲಿಲ್ಲ?" ಎಂದು ಮೇಡಂ ತಮ್ಮಷ್ಟಕ್ಕೆ ಕೇಳಿಕೊಂಡರು.

ಅದು ನನಗೆ ಗೊತ್ತಿತ್ತು. ನಾನು ಸೂಜಿ ಚುಚ್ಚಿದ್ದರೆ ರೋಗ ಮೊದಲೇ ಸಿಕ್ಕಿ, ಔಷಧಿಗೆ ಬದುಕುತ್ತಿತ್ತೇನೋ. ಗೊತ್ತಿಲ್ಲದ್ದು, ಈ ಸಲ ಹೇಗೆ ಕಂಡಿತು ಎನ್ನುವುದು. ಟ್ಯೂಬು ಅದಲು ಬದಲಾಗಿರಬೇಕು ಎನ್ನುತ್ತೀರಿ. ಹದಿನೇಳರ ರಕ್ತ ಯಾವ ಟ್ಯೂಬಿನಲ್ಲೂ ಇರಲಿಲ್ಲ. ಉಳಿದ ಕುರಿಗಳನ್ನೂ ಆ ವಾರವೇ ಪರೀಕ್ಷಿಸಿದರು, ಯಾವುದಕ್ಕೂ ಆ ರೋಗ ಇರಲಿಲ್ಲ.

ಹನ್ನೆರಡನೆಯದು ಮಹಾ ತುಂಟ. ರಕ್ತ ತೆಗೆಯಲು ಕಂಬಕ್ಕೆ ಬಿಗಿದು ಕಟ್ಟಬೇಕಿತ್ತು. ಮುಂದಿನ ಸೋಮವಾರ ಸೂಜಿ ಹಿಡಿದು ದೊಡ್ಡಿಗೆ ಹೋದೆ. ಅದು ತಾನಾಗಿ ಬಂದು ಕುತ್ತಿಗೆ ಚಾಚಿ ನಿಂತಿತು. ಒಂದು ಟ್ಯೂಬು ತುಂಬಿ ಸೂಜಿ ತೆಗೆದೆ. ಅದು ಕದಲಲಿಲ್ಲ. ಎರಡನೆಯದಕ್ಕೆ ಕಾಯುವ ಹಾಗೆ ಕುತ್ತಿಗೆ ಚಾಚಿಕೊಂಡೇ ನನ್ನನ್ನು ನೋಡುತ್ತಿತ್ತು. ಟ್ಯೂಬುಗಳನ್ನು ಅಲ್ಲೇ ಬಿಟ್ಟು ಬಸ್ ಹತ್ತಿದೆ. ಮತ್ತೆ ಆ ಕಡೆ ಹೋಗಲಿಲ್ಲ. ಮೇಡಂಗೆ ಇವತ್ತಿಗೂ ನಿಜ ಹೇಳಿಲ್ಲ.