ಐರಿನ್ ಆಂಟಿಯ ಹದಿನೈದು ನಿಮಿಷ

ಆಗಸ್ಟ್ ತಿಂಗಳಲ್ಲಿ, ಕೊಲ್ಲಿ ದೇಶದ ಕರಾಮ ಬಡಾವಣೆಯಲ್ಲಿ, ಬಸ್ ಸ್ಟಾಪಿನ ಕಂಬ ಮುಟ್ಟಿದರೆ ಕೈ ಚುರ್ ಎನ್ನುವ ಹೊತ್ತಿನಲ್ಲೂ, ಐರಿನ್ ಆಂಟಿ ಮೊಣಕೈವರೆಗೆ ಬಿಳಿ ಲೇಸಿನ ಕೈಗವಸು ತೊಟ್ಟು ನಿಲ್ಲುತ್ತಿದ್ದರು. ಅಡುಗೆ ಮಾಡುವಾಗ ಮತ್ತು ಉಣ್ಣುವಾಗ ಮಾತ್ರ ಬಿಚ್ಚುವರು. "ಆ ಕಾಲದಲ್ಲಿ ಬರಿಗೈ ಬೀಸಿಕೊಂಡು ಯಾರೂ ಹೊರಗೆ ಹೋಗ್ತಿರಲಿಲ್ಲ ಮಾರಾಯ್ತಿ" ಎನ್ನುವರು. ಆ ಕಾಲವೆಂದರೆ ಇನ್ನೂರು ವರ್ಷ ಹಿಂದಿನ ಇಂಗ್ಲೆಂಡ್. ಡ್ಯೂಕುಗಳು, ಕುದುರೆಗಾಡಿಗಳು, ಮೇಣದಬತ್ತಿಯ ಬೆಳಕಿನಲ್ಲಿ ನೃತ್ಯ. ಹಳೆಯ ಇಂಗ್ಲಿಷ್ ಕಾದಂಬರಿಗಳ ಜಾಡು ಹಿಡಿದು ಈಗಿನವರು ಬರೆಯುವ ಕಥೆಗಳನ್ನು ಮೆಟ್ರೋದಲ್ಲಿ ಓದಿ, ಸಂಜೆ ಚಪಾತಿ ಲಟ್ಟಿಸುತ್ತ ನಮಗೆ ಹೇಳುತ್ತಿದ್ದರು.

ನಾವು ಮೂವರು ಹೆಂಗಸರು ಒಂದು ಕೋಣೆ ಹಂಚಿಕೊಂಡಿದ್ದೆವು. ಆಂಟಿ ಆಸ್ಪತ್ರೆಯ ವಿಮೆ ಕೌಂಟರಿನಲ್ಲಿದ್ದರು. ಉಡುಪಿ ಕಡೆಯ ಕ್ಯಾಥೊಲಿಕರು, ಐವತ್ತು ದಾಟಿದರೂ ಮದುವೆಯಾಗಿರಲಿಲ್ಲ. ನರ್ಸ್ ಲವೀನಾ ಅವರ ಕಡೆಯವಳೇ. ನಾನು ರಾಣೆಬೆನ್ನೂರಿನವಳು, ಅಪ್ಪ ಮಾರ್ಕೆಟ್ಟಿನಲ್ಲಿ ಹಮಾಲಿ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ್ದು ನಾನೊಬ್ಬಳೇ. ಬಂದ ದಿನವೇ ಅದನ್ನು ಹೇಳಿಕೊಂಡೆ, ನಾಚಿಕೆ ಯಾಕೆ? ಅಂದಿನಿಂದ ಆಂಟಿ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಬಿಕಾಂ, ಗ್ಯಾಸ್ ಆಫ್ ಮಾಡು."

ಕಥೆಯ ನಿಯಮಗಳನ್ನು ಅವರು ಬಾಳಿನಲ್ಲೂ ನಡೆಸುತ್ತಾರೆಂದು ನನಗೆ ತಿಳಿದದ್ದು ಬಾಸಿಲ್ ಬಂದಾಗ. ಜೆಬೆಲ್ ಅಲಿ ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಟಗ್ ದೋಣಿಯ ಕ್ಯಾಪ್ಟನ್, ಹೆಂಡತಿ ತೀರಿಕೊಂಡಿದ್ದವರು. ಇಗರ್ಜಿಯಲ್ಲಿ ಪರಿಚಯವಾಗಿ, ಮದುವೆಯಾಗುತ್ತೀರಾ ಎಂದು ನೇರವಾಗಿ ಕೇಳಿದ್ದರಂತೆ. ಆಂಟಿ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಹದಿನೈದು ನಿಮಿಷದ ಭೇಟಿಗೆ ಅಪ್ಪಣೆ ಕೊಟ್ಟರು. ಆ ಕಾಲದ ಗೌರವಸ್ಥರು ಅಷ್ಟೇ ಹೊತ್ತು ಕೂರುತ್ತಿದ್ದರಂತೆ. ನಮ್ಮ ಫ್ಲ್ಯಾಟಿಗೆ ಗಂಡಸರು ಬರುವಂತಿಲ್ಲ, ಹಾಗಾಗಿ ಭೇಟಿ ಕೆಳಗಿನ ಕೆಫೆಟೇರಿಯಾದಲ್ಲಿ. ಕಾವಲಿಗೆ ನಾನು, ಪಕ್ಕದ ಮೇಜಿನಲ್ಲಿ ಪರೋಟ ತಿನ್ನುತ್ತ.

ಆಂಟಿಯ ಫೋನಿನ ಅಲಾರಾಂ ಹೊಡೆದರೆ ಬಾಸಿಲ್ ಅರ್ಧ ಲೋಟ ಚಹಾ ಬಿಟ್ಟು ಎದ್ದು ತಲೆಬಾಗಿಸಿ ಹೊರಡುವರು. ಕೆಫೆಟೇರಿಯಾದ ಮಾಲಿಕ ಹಮೀದಾಕ ಒಮ್ಮೆ ತಡೆಯಲಾರದೆ ಕೇಳಿದರು: "ಕ್ಯಾಪ್ಟನ್ನರೇ, ಒಂದು ಹಡಗು ದಡಕ್ಕೆ ಕಟ್ಲಿಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕಲ್ವಾ?"

"ಬೇಕು," ಎಂದರು ಬಾಸಿಲ್. "ಆದರೆ ಹಗ್ಗ ಅವರ ಕೈಯಲ್ಲಿ ಉಂಟು."

ಆಂಟಿ ಕೈಗವಸು ಸರಿಮಾಡಿಕೊಂಡರು. ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

ಆಂಟಿಗೆ ಇದ್ದ ಅಡ್ಡಿ ಒಂದೇ, ಅಬುಧಾಬಿಯ ಖಲೀಫಾ ಸಿಟಿಯಲ್ಲಿದ್ದ ತಮ್ಮ ವಿಲ್ಲಿ. ಹುಡುಗಿಯ ಮನೆಯ ಗಂಡಸು ಒಪ್ಪಬೇಕು, ಅದು ಆ ಕಾಲದ ಕಟ್ಟಳೆ. ಐವತ್ತು ದಾಟಿದ ಹುಡುಗಿಗೂ ಬಿಡುಗಡೆಯಿಲ್ಲ. ಪ್ರತಿ ಶನಿವಾರ ಆಂಟಿ ಅಬುಧಾಬಿ ಬಸ್ಸು ಹತ್ತಿ ಹೋಗಿ ಅವನ ಮಕ್ಕಳಿಗೆ ಬೇಯಿಸಿ ಹಾಕಿ ಬರುತ್ತಿದ್ದರು. ಒಂದು ಶನಿವಾರ ಬಾಸಿಲರನ್ನು ಅಲ್ಲಿಗೇ ಕರೆಸಿದರು. ಕಾವಲಿಗೆ ನಾನೂ ಹೋದೆ.

ವಿಲ್ಲಿ ಎಲ್ಲ ಕೇಳಿ ನಕ್ಕುಬಿಟ್ಟ. "ಎಂತ ಅಕ್ಕ, ಈ ಪ್ರಾಯದಲ್ಲಿ? ಊರಲ್ಲಿ ಜನ ಎಂತ ಹೇಳ್ತಾರೆ?"

ಅವನ ಮಗಳು ಟ್ಯಾಬ್ಲೆಟ್ಟಿನಿಂದ ತಲೆಯೆತ್ತಿ ಕೇಳಿದಳು: "ಬಟ್ ಹೂ ವಿಲ್ ಮೇಕ್ ಅವರ್ ಲಂಚ್?"

ಯಾರೂ ಆ ಮಗುವನ್ನು ಗದರಲಿಲ್ಲ. ಆಂಟಿ ಈಗ ಎರಡು ಮಾತು ಆಡುತ್ತಾರೆಂದು ಕಾದೆ. ಅವರು "ಕ್ಷಮಿಸಿ ಕ್ಯಾಪ್ಟನ್" ಎಂದು ಬಾಸಿಲರಿಗೆ ಹೇಳಿ, ಕೈಗವಸು ಬಿಚ್ಚಿ ಮೀನು ಹುರಿಯಲು ಒಳಗೆ ಹೋದರು.

ಮರಳುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಆಂಟಿ, ತ್ಬಿಲಿಸಿಗೆ ಹೋಗಿಬಿಡ್ರಿ. ಒಂದ ದಿನದಾಗ ಮದುವಿ ಆಗತೈತಿ, ಯಾರನ್ನೂ ಕೇಳಬೇಕಾಗಿಲ್ಲ." ಇಲ್ಲಿಯ ಅವಸರದ ಜೋಡಿಗಳೆಲ್ಲ ಜಾರ್ಜಿಯಾ ದೇಶದ ಆ ಊರಿಗೇ ಹಾರುತ್ತಾರೆ.

ಅವರ ಮುಖ ಬಿಳಿಚಿತು. "ಬಿಕಾಂನಲ್ಲಿ ಇದನ್ನೇ ಕಲಿಸಿದ್ದಾ ನಿನಗೆ? ಆ ಕಾಲದಲ್ಲಿ ಸ್ಕಾಟ್ಲೆಂಡಿಗೆ ಹೀಗೇ ಓಡ್ತಿದ್ದರು. ಓಡಿದವಳದ್ದು ಮಾತ್ರ ಅಲ್ಲ, ಇಡೀ ಮನೆಯ ಮರ್ಯಾದೆ ಹೋಗ್ತಿತ್ತು." ಹುಡುಗಿ ಓಡಿಹೋಗುವ ಅಧ್ಯಾಯ ಬಂದರೆ ಅವರು ಪುಸ್ತಕವನ್ನೇ ಮುಚ್ಚಿಡುವವರೆಂದು ನನಗೆ ಗೊತ್ತಿತ್ತು. ಆ ವಾರವೆಲ್ಲ ನನ್ನೊಡನೆ ಮಾತಾಡಲಿಲ್ಲ. ಭಾನುವಾರದ ಭೇಟಿಯೂ ನಿಂತಿತು.

ಆಮೇಲೊಂದು ಶುಕ್ರವಾರ ಸಂಜೆ, ಲವೀನಾ ಡ್ಯೂಟಿಯಲ್ಲಿದ್ದಾಗ, ಆಂಟಿ ತೆಂಗಿನ ಹಾಲಿನ ಪ್ಯಾಕೆಟ್ ಕೈಗಿಟ್ಟರು. "ಏಸಿಯಲ್ಲಿ ಕೂದಲು, ಚರ್ಮ ಎಲ್ಲ ಒಣಗಿ ಹೋಗಿದೆ. ಹಚ್ಚು ಬಿಕಾಂ." ಬಚ್ಚಲಿನ ಸ್ಟೂಲಿನ ಮೇಲೆ ಹಳೆಯ ನೈಟಿಯಲ್ಲಿ ಕೂತರು. ತಲೆಗೆ ಸುರಿದೆ. "ಕೆನ್ನೆಗೂ ಹಚ್ಚು. ಕೈಗೂ." ಕೈಗವಸಿಲ್ಲದ ಆ ಕೈಗಳನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ, ಬೆರಳ ತುಂಬ ಎಣ್ಣೆ ಸಿಡಿದ ಕಲೆಗಳು. ಅವರು ಕೊಂಕಣಿಯಲ್ಲಿ ಏನೋ ಗುನುಗುತ್ತಿದ್ದರು.

ಮರುದಿನ ಬೆಳಿಗ್ಗೆ ಎಂದಿನಂತೆ ಸಣ್ಣ ಬ್ಯಾಗು ಹಿಡಿದು ಹೊರಟರು. ಮಧ್ಯಾಹ್ನ ವಿಲ್ಲಿಯ ಫೋನು: "ಅಕ್ಕ ಎಲ್ಲಿ? ಮಕ್ಕಳು ಊಟಕ್ಕೆ ಕಾಯ್ತಾ ಇದ್ದಾರೆ." ಅಪಘಾತವೇನಾದರೂ ಆಯಿತೇ ಎಂದು ಲವೀನಾ ಆಸ್ಪತ್ರೆಗಳಿಗೆ ಫೋನು ಮಾಡತೊಡಗಿದಳು.

ಸಂಜೆ ನನ್ನ ಫೋನಿಗೆ ಒಂದು ಫೋಟೋ ಬಂತು. ಕಲ್ಲು ಹಾಸಿದ ಯಾವುದೋ ಬೀದಿ, ಸೂಟು ತೊಟ್ಟ ಬಾಸಿಲ್, ಅವರ ತೋಳಿನ ಮೇಲೆ ಬಿಳಿ ಲೇಸಿನ ಕೈಗವಸು. ಕೆಳಗೆ ಬರೆದಿದ್ದರು: "ತ್ಬಿಲಿಸಿ. ಇಗರ್ಜಿಯ ಮದುವೆ ಊರಲ್ಲಿ, ಆಮೇಲೆ. ಬಿಕಾಂ, ಫ್ರಿಜ್ಜಲ್ಲಿ ಬಂಗುಡೆ ಮೀನು ಉಂಟು, ಹಾಳು ಮಾಡಬೇಡ." ವಿಲ್ಲಿಗೂ ಅದೇ ಫೋಟೋ ಹೋಗಿತ್ತಂತೆ, ಬಂಗುಡೆಯ ಮಾತೊಂದನ್ನು ಬಿಟ್ಟು.

ಫೋನನ್ನು ಲವೀನಾಳ ಕೈಗಿಟ್ಟೆ. "ನಿನ್ನೆ ಸಂಜೆ ನನ್ನ ಕಡೆಯಿಂದ ತೆಂಗಿನ ಹಾಲು ಹಚ್ಚಿಸಿಕೊಂಡ್ರು, ಲವೀನಾ. ಒಂದು ಮಾತು ಹೇಳಲಿಲ್ಲ."

ಲವೀನಾ ತಿರುಗಿ ನೋಡಿದಳು. "ತೆಂಗಿನ ಹಾಲಾ? ತಲೆಗಾ?"

"ತಲೆಗೆ, ಕೆನ್ನೆಗೆ, ಕೈಗೆ."

ಅವಳು ನೆಲದ ಮೇಲೇ ಕೂತುಬಿಟ್ಟಳು. "ಅದು ರೋಸ್, ಮಾರಾಯ್ತಿ. ಮದುವೆಯ ಹಿಂದಿನ ಸಂಜೆ ನಮ್ಮಲ್ಲಿ ಮದುಮಗಳಿಗೆ ಮಾಡುವುದು. ಮನೆಯವರೆಲ್ಲ ಸಾಲಾಗಿ ಬಂದು, ಹಾಡು ಹೇಳಿ, ಹಾಲು ಹಚ್ಚಿ ಹರಸ್ತಾರೆ. ಆಂಟಿಗೆ ಅದನ್ನು ಮಾಡಿದ್ದು ನೀನೊಬ್ಬಳೇ."

ನನ್ನ ಬೆರಳುಗಳನ್ನು ಮೂಸಿ ನೋಡಿಕೊಂಡೆ. ಸೋಪಿನ ವಾಸನೆಯಷ್ಟೇ ಇತ್ತು.

ಬಾಸಿಲರಿಗೆ ಫುಜೈರಾ ಬಂದರಿನಲ್ಲಿ ಕೆಲಸ ಸಿಕ್ಕಿ ಇಬ್ಬರೂ ತ್ಬಿಲಿಸಿಯಿಂದ ನೇರ ಅತ್ತ ಹೋದರು. ಆಂಟಿಯ ಮಂಚಕ್ಕೆ ಕೇರಳದ ಹುಡುಗಿಯೊಬ್ಬಳು ಬಂದಿದ್ದಾಳೆ. ನಾನು ಆಂಟಿಯನ್ನು ಮತ್ತೆ ನೋಡಿಲ್ಲ. ಆ ಸಂಜೆ ಹರಸಬೇಕಾದ ಹೊತ್ತಿನಲ್ಲಿ ನಾನು ಆಡಿದ್ದು ಒಂದೇ ಮಾತು: "ಕಣ್ಣ ಮುಚ್ಚಿಕೊಳ್ರಿ ಆಂಟಿ, ಹಾಲು ಹೊಕ್ಕೀತು."

ಅವರು ತಲೆಬಾಗಿಸಿ ಕಣ್ಣು ಮುಚ್ಚಿಕೊಂಡಿದ್ದರು.