ಕಲ್ಲು ಕೆತ್ತುವ ತಾತನ ಸ್ಪ್ಯಾನಿಷ್ ಪಾಠ

“ಸಿನ್ಸೆಲ್ ಅಲ್ಲ ಕಣವ್ವಾ, ಥಿಂಥೆಲ್! ನಾಲಿಗೆ ಹಲ್ಲಿನ ಮಧ್ಯ ಬರ್ಬೇಕು.”

ನನ್ನ ಕೈಯಲ್ಲಿದ್ದ ಪುಸ್ತಕ ಜಾರಿ ಕಲ್ಲಿನ ಪುಡಿಯ ಮೇಲೆ ಬಿತ್ತು. ಹಾಗೆಂದವರು ಕುಂದಾಣದ ದಾರಿಯಲ್ಲಿ ವಿಗ್ರಹ ಕೆತ್ತುವ ಎಪ್ಪತ್ತರ ತಾತ. ನಮ್ಮ ಮನೆಯ ತುಳಸಿಕಟ್ಟೆ ತರಲು ಹೋಗಿದ್ದೆ. ಅವರು ಅದರ ಅಂಚು ನಯ ಮಾಡುತ್ತಿದ್ದರೆ, ನಾನು ಪಕ್ಕದಲ್ಲಿ ಕೂತು ಮರುದಿನದ ಸ್ಪ್ಯಾನಿಷ್ ಮೌಖಿಕ ಪರೀಕ್ಷೆಗೆ ಶಿಲ್ಪಕಲೆಯ ಪದಗಳನ್ನು ಉರು ಹೊಡೆಯುತ್ತಿದ್ದೆ. ಹಿಂದಿನ ಸಲ ಇದೇ ಪಾಠದಲ್ಲಿ ತಡವರಿಸಿ ಫೇಲಾಗಿದ್ದೆ. ಆಗ ಓದುತ್ತಿದ್ದದ್ದು ಉಳಿ ಎಂಬುದರ ಸ್ಪ್ಯಾನಿಷ್ ಪದ.

“ತಾತ, ನಿಮಗೆ ಸ್ಪ್ಯಾನಿಷ್ ಬರುತ್ತಾ?” ಎಂದು ಕೂಗಿಯೇಬಿಟ್ಟೆ.

“ಸ್ಪೇನಲ್ಲಿ ಯಾರೋ ದೇವಸ್ಥಾನ ಕಟ್ಟಿಸ್ತಿದ್ರು. ಎರಡು ವರ್ಷ ಕೆತ್ತೋಕೆ ಹೋಗಿದ್ದೆ. ಕಲ್ಲಿನ ಮಾತು ಬಿಟ್ರೆ ಊಟ ಕೇಳೋಕೂ ಬರಲ್ಲ,” ಎಂದು ನಗುತ್ತಾ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು.

ಆಮೇಲಿನ ಒಂದು ಗಂಟೆ ನನಗೆ ಹಬ್ಬ. ಕಲ್ಲು ತಟ್ಟಿ ‘ಪಿಯೆದ್ರಾ’ ಎಂದರು. ಉಳಿಗೆ ನನ್ನಿಂದಲೇ ಏಟು ಹಾಕಿಸಿ, ಕೆತ್ತುವುದಕ್ಕೆ ‘ತಾಯಾರ್’ ಎಂದರು. ಚಪ್ಪಡಿಯಲ್ಲಿ ಅರ್ಧ ಮೂಡಿದ್ದ ನವಿಲಿನ ಮೇಲೆ ಬೆರಳಾಡಿಸಲು ಹೇಳಿ, ಹೀಗೆ ಉಬ್ಬಿ ನಿಂತದ್ದು ‘ರೆಲಿಯೆವೆ’ ಎಂದರು.

ಮರುದಿನ ಪರೀಕ್ಷಕಿ ಶಿಲ್ಪದ ಚಿತ್ರವೊಂದನ್ನು ಮುಂದಿಟ್ಟಾಗ ನನ್ನ ಮಾತು ನಿಲ್ಲಲೇ ಇಲ್ಲ. “ಯಾರು ಕಲಿಸಿದ್ದು?” ಎಂದು ಅವರು ಕೇಳಿದರು. “ನಮ್ಮ ಕಡೆಯ ಕಲ್ಲುಕೆಲಸದ ತಾತ” ಎಂದೆ. ಹಾಗೆ ಹೇಳುವಾಗ ಆದ ಹೆಮ್ಮೆ, ಪಾಸಾದ ಸುದ್ದಿ ಬಂದಾಗಲೂ ಆಗಲಿಲ್ಲ.